ನಡಿಗೆ ಮೂರನೇ ತಿಂಗಳಲ್ಲೇ ಶುರುವಾಗಲಿ

ಮಂಗಳೂರಿನ ಸುತ್ತಮುತ್ತಲ ಹಳ್ಳಿಗಳಿಂದ ತಪಾಸಣೆಗೆ ಬರುವ ಬಸುರಿಯರಲ್ಲಿ ಬೀಡಿ ಕಟ್ಟುವವರು ಇಂದಿಗೂ ಇದ್ದಾರೆ. ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಿಗ್ಗೆ ಕುಳಿತರೆ ಏಳುವುದು ಊಟದ ಹೊತ್ತಿಗೆ. ಅಂಥವರಿಗೂ ಅತ್ತೆಯವರು ಹೇಳುವುದು ಒಂದೇ: "ಹೆಚ್ಚು ಓಡಾಡಬೇಡ ಮಗಾ, ವಿಶ್ರಾಂತಿ ತೆಗೆದುಕೋ." ಇಡೀ ದಿನ ಕುಳಿತೇ ಇರುವವಳಿಗೆ ಇನ್ನೆಂಥ ವಿಶ್ರಾಂತಿ! ಬ್ಯಾಂಕಿನ ಕೌಂಟರಿನಲ್ಲಿ ಕುಳಿತವಳ ಪಾಡೂ ಬೇರೆಯಲ್ಲ. ಬಸಿರಿನಲ್ಲಿ ಬಿಪಿ ಏರುವ ಸಾಧ್ಯತೆ ತಗ್ಗಬೇಕಾದರೆ ಇವರಿಗೆ ಬೇಕಾದದ್ದು ನಡಿಗೆ.

ಗರ್ಭ ನಿಂತು 20 ವಾರ ಕಳೆದ ಮೇಲೆ ರಕ್ತದೊತ್ತಡ ಹೊಸದಾಗಿ 140/90 ಮುಟ್ಟಿದರೆ ಅಥವಾ ದಾಟಿದರೆ, ಮತ್ತೆ ಅಳೆದಾಗಲೂ ಹಾಗೆಯೇ ಇದ್ದರೆ, ಅದು ಬಸಿರಿನ ಬಿಪಿ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ, ಇಲ್ಲವೇ ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದರೆ ಪ್ರಿಎಕ್ಲಾಂಪ್ಸಿಯಾ. ಇದು ತಡವಾಗಿ ತಲೆಯೆತ್ತಿದರೂ ಇದರ ಬೇರು ಮೊದಲ ತಿಂಗಳುಗಳಲ್ಲೇ ಇರುತ್ತದೆ. ಮಾಸಿಗೆ, ಅಂದರೆ ಮಗುವನ್ನು ಪೋಷಿಸುವ ಪ್ಲಾಸೆಂಟಾಕ್ಕೆ, ರಕ್ತ ಒಯ್ಯುವ ನಾಳಗಳು ಆಗ ಸರಿಯಾಗಿ ಹಿಗ್ಗಿರುವುದಿಲ್ಲ. ಸೀಮಂತ ಮುಗಿಯಲಿ, ಆಮೇಲೆ ನಡೆದರಾಯಿತು ಎನ್ನುವವರಿಗೆ ನಾನು ಒಪ್ಪದಿರುವುದು ಇದಕ್ಕೇ. 2018ರಲ್ಲಿ ಕೆನಡಾದ ಸಂಶೋಧಕರು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ವ್ಯಾಯಾಮ ಮಾಡಿದ ಗರ್ಭಿಣಿಯರಲ್ಲಿ ಈ ಎರಡೂ ತೊಂದರೆಗಳ ಸಾಧ್ಯತೆ ಸುಮಾರು ಶೇ 40ರಷ್ಟು ಕಡಿಮೆ ಇತ್ತು.

ವಾರಕ್ಕೆ 150 ನಿಮಿಷ ಸಾಕು. ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಚುರುಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕದ್ರಿ ಪಾರ್ಕಿನ ಸುತ್ತು ಬಿಸಿಲೇರುವ ಮೊದಲೇ ಮುಗಿಯಲಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಇಳಿಯಲೇಬೇಡಿ. ಜಗಲಿಯಲ್ಲಿ ಅತ್ತಿಂದಿತ್ತ ನಡೆದರೂ ಲೆಕ್ಕಕ್ಕೆ ಬರುತ್ತದೆ. "ಮನೆಗೆಲಸವೇ ವ್ಯಾಯಾಮವಲ್ಲವೇ ಡಾಕ್ಟರೇ?" ಎಂದು ಕೇಳುತ್ತಾರೆ. ಅಂಗಳ ಗುಡಿಸಿದರೆ ಹೌದು. ಒಲೆಯ ಮುಂದೆ ಎರಡು ಗಂಟೆ ನಿಂತರೆ ಸಿಗುವುದು ಕಾಲುನೋವು ಮಾತ್ರ.

ಬಂದಿರುವ ಬಿಪಿಯನ್ನು ನಡೆದೇ ಇಳಿಸುತ್ತೇನೆಂದು ಮಾತ್ರ ಯಾರೂ ಹೊರಡಬಾರದು, ಮಾತ್ರೆ ಬಿಡಲೂಬಾರದು. ಹಿಂದಿನ ಬಸಿರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಆಗಿದ್ದವರು, ಅವಳಿ ಹೊತ್ತವರು, ಮೊದಲೇ ಬಿಪಿ ಅಥವಾ ಸಕ್ಕರೆ ಕಾಯಿಲೆ ಇದ್ದವರು ಮೂರು ತಿಂಗಳು ತುಂಬುವುದರೊಳಗೆ ವೈದ್ಯರನ್ನು ಕಾಣಬೇಕು. ಇಂಥವರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕಾಗಬಹುದು, ಅದನ್ನು 16 ವಾರಕ್ಕೆ ಮೊದಲೇ ಆರಂಭಿಸುವುದು ಒಳ್ಳೆಯದು. ಮಾಸು ಕೆಳಗಿದ್ದರೆ, ರಕ್ತಸ್ರಾವವಾಗಿದ್ದರೆ, ಗರ್ಭಕೊರಳು ಸಡಿಲವೆಂದು ಹೇಳಿದ್ದರೆ ಕೇಳದೆ ವ್ಯಾಯಾಮಕ್ಕೆ ಇಳಿಯಬೇಡಿ.

ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಬಲಪಕ್ಕೆಯ ಕೆಳಗೆ ನೋವೆದ್ದರೆ, ಮುಖ ಒಮ್ಮೆಲೇ ಊದಿಕೊಂಡರೆ, ಗ್ಯಾಸ್ಟ್ರಿಕ್ ಇರಬೇಕೆಂದು ಕಷಾಯ ಕುಡಿದು ಮಲಗಬೇಡಿ. ತಾಯಿ ಕಾರ್ಡ್ ಹಿಡಿದು ಹೊರಡಿ, ನಡುರಾತ್ರಿಯಾಗಿದ್ದರೂ ಸರಿ.