ಪದ ಪರಿಚಯ: ಮ್ಯಾಂಡೇಟರಿ ಆಕ್ಸೆಸ್ ಕಂಟ್ರೋಲ್

ಸರ್ವರ್ ನೋಡಿಕೊಳ್ಳುವವರ ನಡುವೆ ಒಂದು ಮಾತು ತುಂಬಾ ಓಡಾಡುತ್ತದೆ: "ಎಸ್‌ಇಲಿನಕ್ಸ್ ಆಫ್ ಮಾಡಿ ನೋಡಿದ್ರಾ?" ಫೈಲಿನ ಪರ್ಮಿಷನ್ ಸರಿ ಇದೆ, ಕಾನ್ಫಿಗ್ ಸರಿ ಇದೆ, ಆದರೂ ಸರ್ವೀಸ್ ಕೆಲಸ ಮಾಡುತ್ತಿಲ್ಲ. ಆಫ್ ಮಾಡಿದ ತಕ್ಷಣ ನಡೆಯುತ್ತದೆ. ಎಲ್ಲರೂ ಖುಷಿಯಾಗಿ ಮನೆಗೆ ಹೋಗುತ್ತಾರೆ. ಎಸ್‌ಇಲಿನಕ್ಸ್ ಅಂದರೆ ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳಿಗೆ ಕಡಿವಾಣ ಹಾಕುವ ಒಂದು ಭದ್ರತಾ ವ್ಯವಸ್ಥೆ. ಅದರ ಜೊತೆ ಅವರು ಆಫ್ ಮಾಡಿ ಹೋದದ್ದು ಮ್ಯಾಂಡೇಟರಿ ಆಕ್ಸೆಸ್ ಕಂಟ್ರೋಲನ್ನು. ಚಿಕ್ಕದಾಗಿ ಮ್ಯಾಕ್ ಅಂತಾರೆ. ಆಪಲ್ ಕಂಪ್ಯೂಟರಿಗೂ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸಕ್ಕೂ ಇದಕ್ಕೂ ಸಂಬಂಧವಿಲ್ಲ.

ಲಿನಕ್ಸ್‌ನಲ್ಲಿ ನಮಗೆಲ್ಲ ಗೊತ್ತಿರುವ ಪರ್ಮಿಷನ್ ಪದ್ಧತಿ ಮಾಲೀಕನ ಮರ್ಜಿಯದು. ಫೈಲು ನನ್ನದಾದರೆ ಅದನ್ನು ಯಾರು ಓದಬಹುದು ಅಂತ ನಾನೇ ತೀರ್ಮಾನಿಸುತ್ತೇನೆ. ಪರ್ಮಿಷನ್ ಬದಲಿಸುವ ಚ್‌ಮೋಡ್ ಕಮಾಂಡಿಗೆ 777 ಕೊಟ್ಟು ಊರಿಗೆಲ್ಲ ತೆರೆದಿಟ್ಟರೂ ಕೇಳುವವರಿಲ್ಲ. ಇನ್ನು ರೂಟ್‌ಗೆ, ಅಂದರೆ ಸಿಸ್ಟಮ್ಮಿನ ಸರ್ವಾಧಿಕಾರಿ ಖಾತೆಗೆ, ಈ ತಡೆಗಳೇ ಇಲ್ಲ. ಮ್ಯಾಕ್‌ನಲ್ಲಿ ಹಾಗಲ್ಲ. ಯಾವ ಪ್ರೋಗ್ರಾಂ ಏನೇನು ಮುಟ್ಟಬಹುದು ಅನ್ನೋದು ಮೊದಲೇ ಪಾಲಿಸಿಯಲ್ಲಿ ಬರೆದಿರುತ್ತದೆ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಅದನ್ನು ಜಾರಿಗೆ ತರುತ್ತದೆ. ಮಾಮೂಲಿ ಪರ್ಮಿಷನ್ ಹೂಂ ಅಂದ ಮೇಲೂ ಪಾಲಿಸಿಯನ್ನು ಕೇಳಬೇಕು. ಎರಡೂ ಒಪ್ಪಿದರೆ ಮಾತ್ರ ಕೆಲಸ. ಪಾಲಿಸಿಗೆ ಒಳಪಟ್ಟ ಪ್ರೋಗ್ರಾಂ ರೂಟ್ ಆಗಿ ಓಡುತ್ತಿದ್ದರೂ ಅದಕ್ಕೆ ವಿನಾಯಿತಿ ಇಲ್ಲ.

ಈ ಯೋಚನೆ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಮಿಲಿಟರಿ ಗುಟ್ಟು ಕಾಯುವ ಲೆಕ್ಕಾಚಾರದಲ್ಲಿ. ಅಲ್ಲಿನ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2000ದ ಡಿಸೆಂಬರ್‌ನಲ್ಲಿ ಎಸ್‌ಇಲಿನಕ್ಸನ್ನು ಮುಕ್ತವಾಗಿ ಬಿಡುಗಡೆ ಮಾಡಿತು. 2003ರಲ್ಲಿ 2.6 ಕರ್ನಲ್ ಜೊತೆ ಅದು ಲಿನಕ್ಸ್‌ನ ಒಳಗೇ ಸೇರಿತು. ಆಂಡ್ರಾಯ್ಡ್ ಫೋನುಗಳಲ್ಲೂ ಇದೆ: 4.3ರಲ್ಲಿ ಸುಮ್ನೆ ಲಾಗ್ ಬರೆಯುತ್ತಿತ್ತು, 5.0 ಬಂದ ಮೇಲೆ ಪೂರ್ತಿ ತಡೆಯತೊಡಗಿತು.

ಇದರ ಉಪಯೋಗ ಜಾಸ್ತಿ ಕಾಣುವುದು ಹಿನ್ನೆಲೆಯಲ್ಲಿ ಓಡುವ ಸರ್ವೀಸುಗಳಲ್ಲಿ, ಅಂದರೆ ಡೀಮನ್‌ಗಳಲ್ಲಿ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರನ್ನೇ ತೆಗೆದುಕೊಳ್ಳಿ. ಹಗಲು ರಾತ್ರಿ ಗುರುತು ಪರಿಚಯ ಇಲ್ಲದವರ ಕೋರಿಕೆಗೆ ಉತ್ತರ ಕೊಡುವುದೇ ಅದರ ಕಸುಬು. ಅದರಲ್ಲೊಂದು ಲೋಪ ಸಿಕ್ಕಿ ಯಾರೋ ಒಳಗೆ ನುಗ್ಗಿದರು ಅಂದುಕೊಳ್ಳಿ. ಆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಏನೆಲ್ಲ ಮಾಡಬಹುದೋ ಅದನ್ನೆಲ್ಲ ಅವರೂ ಮಾಡಬಹುದು. ಆದರೆ ಎಂಜಿನ್‌ಎಕ್ಸ್‌ನ ನಿಜವಾದ ಕೆಲಸ ಎಷ್ಟು? ವೆಬ್ ಪುಟ ಓದಬೇಕು, ಲಾಗ್ ಬರೆಯಬೇಕು, ವೆಬ್ ಕೋರಿಕೆಗಳು ಬರುವ 80 ಮತ್ತು 443ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರಬೇಕು. ಪಾಲಿಸಿಯಲ್ಲಿ ಇಂಥವನ್ನೇ ಬರೆದಿರುತ್ತಾರೆ. ಬರೆಯದೇ ಇರುವುದೆಲ್ಲ ನಿಷಿದ್ಧ.

ಎಸ್‌ಇಲಿನಕ್ಸ್ ಇದನ್ನು ಲೇಬಲ್ ನೋಡಿ ಮಾಡುತ್ತದೆ. ಪ್ರತಿ ಪ್ರೋಸೆಸ್‌ಗೂ, ಫೈಲಿಗೂ, ಪೋರ್ಟಿಗೂ ಒಂದು ಲೇಬಲ್ ಇರುತ್ತದೆ. ಫೆಡೋರಾ, ರೆಡ್ ಹ್ಯಾಟ್ ಅನ್ನುವ ಲಿನಕ್ಸ್ ಬಗೆಗಳಲ್ಲಿ ಎಂಜಿನ್‌ಎಕ್ಸ್‌ನ ಲೇಬಲ್ ಎಚ್‌ಟಿಟಿಪಿಡಿ_ಟಿ. ಹೆಸರು ಅಪಾಚೆ ಅನ್ನುವ ಇನ್ನೊಂದು ವೆಬ್ ಸರ್ವರಿನದು, ಎಂಜಿನ್‌ಎಕ್ಸ್ ಕೂಡ ಅದೇ ಮನೆಯಲ್ಲಿ ಬಾಡಿಗೆಗಿದೆ. ವೆಬ್ ಪುಟಗಳದ್ದು ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ. ಪಾಸ್‌ವರ್ಡುಗಳ ಹ್ಯಾಶ್, ಅಂದರೆ ಗೂಢರೂಪ, ಇರುವ ಫೈಲಿನದ್ದು ಶ್ಯಾಡೋ_ಟಿ. ಮೊದಲನೆಯದು ಎರಡನೆಯದನ್ನು ಓದಬಹುದು ಅಂತ ಪಾಲಿಸಿಯಲ್ಲಿದೆ. ಮೂರನೆಯದನ್ನು ಓದಬಹುದು ಅಂತ ಇಲ್ಲ.

ಈಗ ಎಲ್ಲರನ್ನೂ ಕಾಡುವ ಪ್ರಸಂಗ ನೋಡೋಣ. ಹೋಮ್ ಫೋಲ್ಡರಿನಲ್ಲಿ ಒಂದು ಇಂಡೆಕ್ಸ್ ಪುಟ ತಯಾರಿಸಿ, ಅದನ್ನು ಎಂವಿ ಕಮಾಂಡಿನಿಂದ ವೆಬ್ ಫೋಲ್ಡರಿಗೆ ಸಾಗಿಸುತ್ತೀರಿ. ಪರ್ಮಿಷನ್ 644, ಅಂದರೆ ಎಲ್ಲರೂ ಓದಬಹುದು, ಏನೂ ತಪ್ಪಿಲ್ಲ. ಬ್ರೌಸರ್ ಮಾತ್ರ 403, ಅಂದರೆ ಪ್ರವೇಶವಿಲ್ಲ, ಅನ್ನುತ್ತದೆ. ತಡೆಗಳು ದಾಖಲಾಗುವ ಆಡಿಟ್ ಲಾಗ್ ತೆರೆದರೆ ಎವಿಸಿ ಡಿನೈಡ್ ಅಂತ ಒಂದು ಉದ್ದ ಸಾಲು. ನೋಡಿದರೆ ಹೆದರಿಕೆ ಆಗುತ್ತದೆ, ಆದರೆ ಅದರಲ್ಲಿ ಓದಬೇಕಾದ್ದು ಸ್ವಲ್ಪವೇ. ಬ್ರಾಕೆಟ್ಟಿನಲ್ಲಿ ರೀಡ್: ಓದಲು ಹೋಗಿತ್ತು. ಎಸ್‌ಕಾಂಟೆಕ್ಸ್ಟ್‌ನಲ್ಲಿ ಎಚ್‌ಟಿಟಿಪಿಡಿ_ಟಿ: ಹೋದದ್ದು ವೆಬ್ ಸರ್ವರ್. ಟಿಕಾಂಟೆಕ್ಸ್ಟ್‌ನಲ್ಲಿ ಯೂಸರ್_ಹೋಮ್_ಟಿ: ಓದಲು ಹೋದದ್ದು ಯಾರದೋ ಮನೆಯ ಫೈಲು. ಕಾರಣ ಸಿಕ್ಕಿತಲ್ವಾ? ಎಂವಿ ಮಾಡಿದರೆ ಹಳೆಯ ಲೇಬಲ್ಲೂ ಜೊತೆಗೇ ಬರುತ್ತದೆ. ಸಿಪಿಯಿಂದ ನಕಲು ಮಾಡಿದ್ದರೆ ಹೊಸ ಫೈಲು ಹುಟ್ಟಿ, ಹೊಸ ಜಾಗದ ಲೇಬಲ್ ಪಡೆಯುತ್ತಿತ್ತು. ಜಾಗಕ್ಕೆ ತಕ್ಕ ಲೇಬಲ್ ಹಚ್ಚುವ ರೀಸ್ಟೋರ್‌ಕಾನ್ ಕಮಾಂಡ್ ಓಡಿಸಿದರೆ ಮುಗೀತು. ವೆಬ್ ಪುಟಗಳನ್ನು ಪಾಲಿಸಿಗೆ ಗೊತ್ತೇ ಇಲ್ಲದ ಫೋಲ್ಡರಿನಲ್ಲಿ ಇಟ್ಟಿದ್ದರೆ, ಮೊದಲು ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್‌ನಿಂದ ಆ ಜಾಗವನ್ನು ದಾಖಲಿಸಿ, ಆಮೇಲೆ ರೀಸ್ಟೋರ್‌ಕಾನ್ ಮಾಡಬೇಕು.

ಇದರ ಇನ್ನೊಂದು ಅವತಾರ 502 ಅನ್ನುವ ಎರರ್. ಎಂಜಿನ್‌ಎಕ್ಸ್ ಹಿಂದೆ 3000ನೇ ಪೋರ್ಟಿನಲ್ಲಿ ನಿಮ್ಮ ಆಪ್ ಇದೆ, ಆದರೆ ಸಂಪರ್ಕವೇ ಆಗುತ್ತಿಲ್ಲ. ವೆಬ್ ಸರ್ವರ್ ತಾನಾಗಿ ಹೊರಗೆ ಕನೆಕ್ಷನ್ ಮಾಡುವುದನ್ನು ಪಾಲಿಸಿ ಡಿಫಾಲ್ಟಾಗಿ ತಡೆದಿದೆ. ಒಳ್ಳೆಯದೇ ಅನ್ನಿ, ನುಗ್ಗಿದವರು ಮೊದಲು ಮಾಡಲು ನೋಡುವುದೂ ಅದನ್ನೇ. ನಿಮಗೆ ನಿಜವಾಗಿ ಬೇಕಿದ್ದರೆ ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಅನ್ನುವ ಸ್ವಿಚ್ ಆನ್ ಮಾಡಿ. ಸ್ವಿಚ್ ಆನ್ ಮಾಡುವ ಸೆಟ್‌ಸೆಬೂಲ್ ಕಮಾಂಡಿನ ಜೊತೆ ದೊಡ್ಡಕ್ಷರದ ಪಿ ಹಾಕುವುದನ್ನು ಮರೆತರೆ ರೀಬೂಟ್ ಆದ ಮೇಲೆ ಮತ್ತೆ ಅದೇ ಕಥೆ.

ಉಬುಂಟು, ಡೆಬಿಯನ್ ಬಳಸುವವರಿಗೆ ಸಿಗುವುದು ಆಪ್‌ಆರ್ಮರ್ ಅನ್ನುವ ಇನ್ನೊಂದು ಮ್ಯಾಕ್ ವ್ಯವಸ್ಥೆ. ಇದು ಲೇಬಲ್ ನೋಡುವುದಿಲ್ಲ, ಫೈಲಿನ ದಾರಿ ನೋಡುತ್ತದೆ. ಡಿಸ್ಕ್ ತುಂಬಿತು ಅಂತ ಮೈಎಸ್‌ಕ್ಯುಎಲ್ ಡೇಟಾಬೇಸಿನ ಡೇಟಾವನ್ನು ಹೊಸ ಡಿಸ್ಕಿಗೆ ಸಾಗಿಸಿ, ಮಾಲೀಕತ್ವವನ್ನೂ ಸರಿ ಮಾಡಿ, ಸ್ಟಾರ್ಟ್ ಕೊಟ್ಟರೆ ಏಳುವುದೇ ಇಲ್ಲ. ಪ್ರೊಫೈಲಿನಲ್ಲಿ, ಅಂದರೆ ಆಪ್‌ಆರ್ಮರ್‌ನ ಪಾಲಿಸಿ ಫೈಲಿನಲ್ಲಿ, ಹಳೆಯ ಫೋಲ್ಡರಿನ ದಾರಿ ಮಾತ್ರ ಇದೆ! ಹೊಸ ದಾರಿಯನ್ನು ಸೇರಿಸಿ, ಪ್ರೊಫೈಲನ್ನು ಮತ್ತೆ ಲೋಡ್ ಮಾಡಿದರೆ ಏಳುತ್ತದೆ. ಓದಲು, ತಿದ್ದಲು ಆಪ್‌ಆರ್ಮರ್ ಸುಲಭ. ಆದರೂ ನನಗೆ ಎಸ್‌ಇಲಿನಕ್ಸ್ ಮೇಲೇ ನಂಬಿಕೆ ಜಾಸ್ತಿ. ಫೈಲಿನ ಹೆಸರು ಬದಲಾದರೂ ಲೇಬಲ್ ಅದನ್ನು ಬಿಡುವುದಿಲ್ಲ.

ನೀವೇ ಬರೆದ ಸರ್ವೀಸಿಗೆ ಪಾಲಿಸಿ ಮಾಡುವಾಗ ಇಡೀ ಸಿಸ್ಟಮ್ಮನ್ನು ಪರ್ಮಿಸಿವ್ ಮಾಡಬೇಡಿ. ಆ ಒಂದು ಡೊಮೇನನ್ನಷ್ಟೇ, ಅಂದರೆ ಆ ಸರ್ವೀಸಿನ ಲೇಬಲ್ಲನ್ನಷ್ಟೇ, ಪರ್ಮಿಸಿವ್ ಮಾಡಲು ಸೆಮ್ಯಾನೇಜ್‌ನಲ್ಲಿ ದಾರಿಯಿದೆ. ಆಗ ತಡೆ ಇರುವುದಿಲ್ಲ, ಲಾಗ್ ಮಾತ್ರ ಬೀಳುತ್ತದೆ. ಲಾಗ್ ರೊಟೇಷನ್, ಬ್ಯಾಕಪ್, ರೀಸ್ಟಾರ್ಟ್ ಎಲ್ಲವೂ ಒಂದೊಂದು ಸುತ್ತು ಆಗಲಿ. ಅಪರೂಪಕ್ಕೆ ನಡೆಯುವ ಕೆಲಸಗಳೇ ಆಮೇಲೆ ಕೈಕೊಡುವುದು. ಆಡಿಟ್2ಅಲೋ ಆ ಲಾಗಿನಿಂದ ನಿಯಮ ಬರೆದುಕೊಡುತ್ತದೆ, ಆದರೆ ಕಣ್ಣು ಮುಚ್ಚಿ ಸೇರಿಸಬೇಡಿ. ವೆಬ್ ಸರ್ವರ್‌ಗೆ ಎಲ್ಲರ ಹೋಮ್ ಫೈಲು ಓದಲು ಬಿಡಿ ಅಂತ ಅದು ಹೇಳಿದರೆ, ಸರಿ ಮಾಡಬೇಕಾದ್ದು ಲೇಬಲ್ಲನ್ನು.

ಮ್ಯಾಕ್‌ಗೂ ಮಿತಿಯಿದೆ. ಆಪ್‌ಗೆ ಡೇಟಾಬೇಸ್ ಕೇಳುವ ಅನುಮತಿ ಇದ್ದರೆ, ಕೋರಿಕೆಯೊಳಗೆ ಡೇಟಾಬೇಸ್ ಆದೇಶ ತುರುಕುವವನೂ (ಎಸ್‌ಕ್ಯುಎಲ್ ಇಂಜೆಕ್ಷನ್) ಅದೇ ಬಾಗಿಲಿನಿಂದ ಬರುತ್ತಾನೆ. ಕರ್ನಲ್‌ನಲ್ಲೇ ತೂತಿದ್ದರೆ ಕಾವಲುಗಾರನೇ ಬಿದ್ದಂತೆ. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಎಸ್‌ಇಲಿನಕ್ಸ್ ಆನ್ ಇದ್ದರೂ, ಪಾಲಿಸಿಯೇ ಇಲ್ಲದ ಸರ್ವೀಸು ಅನ್‌ಕನ್‌ಫೈನ್ಡ್_ಸರ್ವೀಸ್_ಟಿ ಅನ್ನುವ ಲೇಬಲ್ಲಿನಲ್ಲಿ ಹೆಚ್ಚುಕಡಿಮೆ ಯಾವ ಅಂಕೆಯೂ ಇಲ್ಲದೆ ಓಡುತ್ತಿರುತ್ತದೆ. ಪಿಎಸ್ ಕಮಾಂಡಿಗೆ ದೊಡ್ಡಕ್ಷರದ ಝಡ್ ಸೇರಿಸಿ ಆ ಹೆಸರು ಹುಡುಕಿ. ಹೊರಗಿನಿಂದ ತಂದು ಹಾಕಿದ ಸರ್ವೀಸುಗಳು, ನೀವೇ ಬರೆದವು, ಬಹಳಷ್ಟು ಅಲ್ಲೇ ಸಿಗುತ್ತವೆ.