ಊದಿದ ಕೊರಳು ಮತ್ತು ಬಿಳಿ ಪುಡಿಯ ಡಬ್ಬಿ

ಪರೀಕ್ಷೆಯ ಮೇಜಿನ ಮೇಲೆ ನಿಲ್ಲಿಸಿದ್ದ ಕೊಂಬೆಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದ ಆ ಗಂಡು ಊಸರವಳ್ಳಿಯ ಕೊರಳಿಗೆ ಯಾರೋ ನೀರು ತುಂಬಿದ ಸಣ್ಣ ದಿಂಬು ಕಟ್ಟಿದಂತಿತ್ತು. ಗದ್ದದ ಕೆಳಗಿನಿಂದ ಹೊರಟ ಊತ ಎರಡೂ ಭುಜಗಳವರೆಗೆ ಇಳಿದಿತ್ತು. ಕಣ್ಣುಗಳು ಮಾತ್ರ ಎಂದಿನಂತೆ ಒಂದೊಂದು ದಿಕ್ಕಿಗೆ ಚುರುಕಾಗಿ ಹೊರಳುತ್ತಿದ್ದವು. ತಂದಿದ್ದವನು ಕಾಲೇಜು ಓದುವ ಹುಡುಗ, ಬಹಳ ಹೆದರಿದ್ದ. “ಹೋದ ವಾರವೂ ಬಂದಿತ್ತು ಡಾಕ್ಟರೇ, ಎರಡು ದಿನಕ್ಕೆ ತಾನಾಗಿ ಇಳಿಯಿತು. ಇವತ್ತು ನೋಡಿದರೆ ದುಪ್ಪಟ್ಟಾಗಿದೆ. ಸೂಜಿ ಚುಚ್ಚಿ ನೀರು ತೆಗೆದುಬಿಡಿ” ಎಂದು ಬೇಡಿಕೊಂಡ. ನಾನು ಸೂಜಿ ಎತ್ತಿಕೊಳ್ಳಲಿಲ್ಲ. “ಇದಕ್ಕೆ ತಿನ್ನಿಸುವ ಹುಳುಗಳ ಮೇಲೆ ಉದುರಿಸುವ ಪುಡಿಗಳ ಡಬ್ಬಿಗಳನ್ನೆಲ್ಲ ಮೊದಲು ತೋರಿಸಪ್ಪ” ಎಂದೆ.

ಸೂಜಿಗೆ ಕೈ ಹಾಕದಿರುವುದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ವೃತ್ತಿಯ ಆರಂಭದಲ್ಲಿ ಇಂಥದೇ ಊತಕ್ಕೆ ಸಿರಿಂಜ್ ಹಾಕಿ ತಿಳಿಯಾದ ನೀರನ್ನು ಹೊರತೆಗೆದಿದ್ದೆ. ಕೊರಳು ಕ್ಷಣದಲ್ಲಿ ಸಪಾಟಾಯಿತು, ಸಾಕಿದವರು ಕೈ ಮುಗಿದು ಹೋದರು. ಮರುದಿನ ಬೆಳಿಗ್ಗೆ ಊತ ಮತ್ತೆ ಅಷ್ಟೇ ಇತ್ತು. ಎರಡನೆಯ ಸಲ ಚುಚ್ಚಿದ ಮೇಲೆ ಆ ಜಾಗಕ್ಕೆ ಸೋಂಕು ತಗುಲಿತು. ನೀರು ಏಕೆ ಬಂತು ಎಂದು ಕೇಳದೆ ನೀರನ್ನು ಮಾತ್ರ ತೆಗೆದಿದ್ದೆ. ರೋಗಪತ್ತೆಗಾಗಿ ತೆಳುವಾದ ಸೂಜಿಯಿಂದ ಒಂದು ಹನಿ ಎಳೆದು ಸೂಕ್ಷ್ಮದರ್ಶಕದಡಿ ನೋಡುವುದು ಬೇರೆ ಕೆಲಸ, ಅದನ್ನು ಈಗಲೂ ಮಾಡುತ್ತೇನೆ. ಊತ ಇಳಿಸುವುದಕ್ಕೆಂದು ಚುಚ್ಚುವುದು ಚಿಕಿತ್ಸೆ ಆಗಲಾರದು.

ಊಸರವಳ್ಳಿಯ ಕೊರಳು ದೊಡ್ಡದಾಗಿ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಬೆದರಿದಾಗ ಅಥವಾ ಇನ್ನೊಂದು ಗಂಡನ್ನು ಕಂಡಾಗ ಅದು ಗಂಟಲ ಚರ್ಮವನ್ನು ಕೆಳಗಿಳಿಸಿ, ಮೈಯನ್ನು ಪಕ್ಕಕ್ಕೆ ಚಪ್ಪಟೆ ಮಾಡಿ, ಬಾಯಿ ತೆರೆದು ತನ್ನನ್ನು ದೊಡ್ಡದಾಗಿ ತೋರಿಸಿಕೊಳ್ಳುತ್ತದೆ. ಬೇಟೆಗೆ ಗುರಿ ಹಿಡಿಯುವಾಗ ನಾಲಿಗೆಗೆ ಆಧಾರವಾದ ಹಯಾಯ್ಡ್ ಮೂಳೆ ಮುಂದಕ್ಕೆ ಸರಿದು ಗಂಟಲು ಉಬ್ಬುತ್ತದೆ. ದೊಡ್ಡ ಮಿಡತೆಯನ್ನು ನುಂಗಿದ ಮೇಲೆಯೂ ಸ್ವಲ್ಪ ಹೊತ್ತು ಗಂಟು ಕಾಣಬಹುದು. ಇವೆಲ್ಲ ಕೆಲವು ನಿಮಿಷಗಳಲ್ಲಿ ಇಳಿಯುತ್ತವೆ. ಪ್ರಾಣಿ ನೆಮ್ಮದಿಯಾಗಿ ಕುಳಿತಿರುವಾಗ ಅಥವಾ ರಾತ್ರಿ ಮಲಗಿರುವಾಗಲೂ ಉಳಿದಿರುವ ಊತವೇ ನಮಗೆ ಮುಖ್ಯ.

ಆಮೇಲೆ ಬೆರಳಿನ ಕೆಲಸ. ಬಹಳ ಹಗುರವಾಗಿ, ಒಮ್ಮೆ ಮಾತ್ರ ಮುಟ್ಟಿ ನೋಡಿ. ಮೆತ್ತಗೆ, ಲೋಳೆಯಂತೆ ಅಲುಗುತ್ತಾ, ಎರಡೂ ಬದಿಗೆ ಸಮನಾಗಿ, ಕೊರಳಪಟ್ಟಿಯಂತೆ ಸುತ್ತಿಕೊಂಡಿದ್ದರೆ ಚರ್ಮದಡಿ ನೀರು ತುಂಬಿದೆ ಎಂದು ಅರ್ಥ. ಒಂದೇ ಬದಿಗೆ, ಗಟ್ಟಿಯಾಗಿ, ಕಡಲೆಕಾಳಿನಂತೆ ಸಿಕ್ಕರೆ ಅದು ಬೇರೆಯೇ ಕಥೆ. ಇವೆರಡನ್ನು ಬೇರ್ಪಡಿಸಿದರೆ ಅರ್ಧ ದಾರಿ ಸಾಗಿದಂತೆ.

ನೀರು ಕೊರಳಲ್ಲಿಯೇ ಏಕೆ ನಿಲ್ಲುತ್ತದೆ ಎಂದು ಅನೇಕರು ಕೇಳುತ್ತಾರೆ. ಸರೀಸೃಪಗಳಿಗೆ ನಮ್ಮ ಹಾಗೆ ದುಗ್ಧಗ್ರಂಥಿಗಳಿಲ್ಲ (ಲಿಂಫ್ ನೋಡ್). ದುಗ್ಧರಸ ಅಗಲವಾದ ನಾಳಗಳಲ್ಲಿ, ಪೊಳ್ಳುಗಳಲ್ಲಿ ಹರಿಯುತ್ತದೆ, ಅಂಥ ದೊಡ್ಡ ನಾಳಗಳು ಕೊರಳಲ್ಲಿವೆ. ಊಸರವಳ್ಳಿಯ ಗಂಟಲ ಚರ್ಮವೋ ಸಡಿಲ. ದೇಹದಲ್ಲಿ ನೀರಿನ ಲೆಕ್ಕ ಎಲ್ಲಿ ತಪ್ಪಿದರೂ ಅದು ಮೊದಲು ಕಾಣಿಸಿಕೊಳ್ಳುವ ಕಿಟಕಿ ಈ ಜಾಗ. ಊತ ಬಂದು ಹೋಗುತ್ತಿರುವುದನ್ನು ಗುಣವಾಗುತ್ತಿರುವ ಲಕ್ಷಣವೆಂದು ತಿಳಿಯುವುದು ಸಾಮಾನ್ಯ. ಒಳಗಿನ ಕಾರಣ ಹಾಗೆಯೇ ಇದ್ದಾಗಲೂ ಅದು ಹೀಗೆ ಏರಿಳಿಯುತ್ತದೆ. ಆ ಹುಡುಗ ಒಂದು ವಾರ ಕಳೆದುಕೊಂಡದ್ದು ಇದರಿಂದಲೇ.

ಈಗ ಡಬ್ಬಿಗಳ ವಿಷಯ. ಅವನು ಪ್ರತಿದಿನ ವಿಟಮಿನ್ ಡಿ3 ಬೆರೆತ ಕ್ಯಾಲ್ಸಿಯಂ ಹಾಕುತ್ತಿದ್ದ, ವಾರಕ್ಕೆ ಮೂರು ಬಾರಿ ಮಲ್ಟಿವಿಟಮಿನ್ ಪುಡಿ. ಸಾಲದೆಂದು ಜೀರುಂಡೆಗಳಿಗೆ ವಿಟಮಿನ್ ಸೇರಿಸಿದ ಮೀನಿನ ಆಹಾರವನ್ನೂ ನಾಯಿಯ ಬಿಸ್ಕತ್ತನ್ನೂ ತಿನ್ನಿಸುತ್ತಿದ್ದ. ಹುಳುವಿನ ಹೊರಗೆ ಪುಡಿ, ಒಳಗೆ ಪುಡಿ, ಜೊತೆಗೆ ಅತಿಯಾದ ಪ್ರೋಟೀನ್. ಸಾಕಿದ ಊಸರವಳ್ಳಿಗಳ ಕೊರಳಲ್ಲಿ ಮೆತ್ತನೆಯ ಊತ ಕಂಡಾಗ ನಾನು ಮೊದಲು ಅನುಮಾನಿಸುವುದು ಈ ಅತಿ ಪೂರೈಕೆಯನ್ನೇ. ಇದು ನಿರ್ಲಕ್ಷ್ಯದಿಂದ ಬರುವುದಲ್ಲ, ಅಕ್ಕರೆಯಿಂದ ಬರುವುದು. ಹಾಗಾಗಿ ಹೇಳುವಾಗ ನನಗೂ ನೋವಾಗುತ್ತದೆ.

ಎ ಮತ್ತು ಡಿ3 ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು. ಹೆಚ್ಚಾದದ್ದು ಸುಲಭವಾಗಿ ಹೊರಹೋಗದೆ ದೇಹದಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಡಿ3 ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಅದು ರಕ್ತನಾಳಗಳ ಗೋಡೆಯಲ್ಲೂ ಮೂತ್ರಪಿಂಡದಲ್ಲೂ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ. ನೇರಳಾತೀತ ಬೆಳಕಿನಡಿ ಚರ್ಮವೇ ತಯಾರಿಸುವ ಡಿ3ಗೆ ಈ ಅಪಾಯವಿಲ್ಲ, ಬೇಕಾದ್ದಕ್ಕಿಂತ ಹೆಚ್ಚಾದ ಪೂರ್ವವಸ್ತುವನ್ನು ಬೆಳಕೇ ಒಡೆದುಹಾಕುತ್ತದೆ. ಪ್ಯಾಂಥರ್ ಎಂಬ ಪ್ರಭೇದದ ಊಸರವಳ್ಳಿಗಳ ಬಗ್ಗೆ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ: ಆಹಾರದಲ್ಲಿ ಡಿ3 ಎಷ್ಟು ಸಿಕ್ಕಿದೆ ಎಂಬುದಕ್ಕೆ ತಕ್ಕಂತೆ ಅವು ನೇರಳಾತೀತ ಬೆಳಕಿಗೆ ಮೈಯೊಡ್ಡುವ ಹೊತ್ತನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಬೆಳಕಿನಿಂದ ದೂರ ಸರಿಯುವ ಬುದ್ಧಿ ಅವಕ್ಕಿದೆ. ಹುಳುವಿಗೆ ಅಂಟಿದ ಪುಡಿಯನ್ನು ಬೇಡವೆನ್ನುವ ದಾರಿ ಅವಕ್ಕಿಲ್ಲ.

ಹಾಗೆಂದು ಪುಡಿಯನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಜೀರುಂಡೆಯಂಥ ಹುಳುಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಬಹುಪಾಲು ಹೆಚ್ಚು, ನಮಗೆ ಬೇಕಾದದ್ದು ಅದರ ತಿರುಗುಮುರುಗು. ಆದ್ದರಿಂದ ಡಿ3 ಇಲ್ಲದ ಶುದ್ಧ ಕ್ಯಾಲ್ಸಿಯಂ ಅನ್ನು ಹುಳುವಿನ ಬಣ್ಣ ಮರೆಯಾಗದಷ್ಟು ತೆಳುವಾಗಿ ಪ್ರತಿ ಊಟಕ್ಕೂ, ಎ ಮತ್ತು ಡಿ3 ಇರುವ ಪುಡಿಯನ್ನು ತಿಂಗಳಿಗೆ ಎರಡು ಬಾರಿ ಮಾತ್ರ. ಯುವಿಬಿ (ಚರ್ಮ ಡಿ3 ತಯಾರಿಸಲು ಬೇಕಾದ ನೇರಳಾತೀತ ಕಿರಣ) ದೀಪ ಸರಿಯಾಗಿರುವ, ಬೆಳೆದ ವೇಲ್ಡ್ ಮತ್ತು ಪ್ಯಾಂಥರ್ ಪ್ರಭೇದಗಳ ಊಸರವಳ್ಳಿಗಳಿಗೆ ನಾನು ಕೊಡುವ ಲೆಕ್ಕ ಇದು. ಕೀನ್ಯಾ ಮತ್ತು ಟಾಂಜಾನಿಯಾದ ತಂಪು ಬೆಟ್ಟಗಳ ಜಾಕ್ಸನ್ ಊಸರವಳ್ಳಿಗೆ ಅದಕ್ಕಿಂತಲೂ ಕಡಿಮೆ ಸಾಕು, ಅತಿ ಪೂರೈಕೆಯಿಂದ ಅದರ ಕೊರಳು ಬೇಗ ಊದುತ್ತದೆ. ದೀಪವನ್ನು ವರ್ಷಕ್ಕೊಮ್ಮೆ ಬದಲಿಸಬೇಕು, ಏಕೆಂದರೆ ಅದು ಬೆಳಗುತ್ತಿದ್ದರೂ ಯುವಿಬಿ ಕುಂದಿರುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗಾಜು ಯುವಿಬಿಯನ್ನು ತಡೆಯುತ್ತದೆ.

ಪುಡಿಯ ಲೆಕ್ಕ ಸರಿಯಿದ್ದೂ ಊತ ಬಂದರೆ ನನ್ನ ಮನಸ್ಸು ಮೂತ್ರಪಿಂಡದ ಕಡೆಗೆ ಹೋಗುತ್ತದೆ. ಊಸರವಳ್ಳಿ ತನ್ನ ಸಾರಜನಕದ ಕಸವನ್ನು ಯೂರಿಕ್ ಆಮ್ಲವಾಗಿ ಹೊರಹಾಕುತ್ತದೆ, ಹಿಕ್ಕೆಯ ಜೊತೆ ಬೀಳುವ ಬಿಳಿಯ ಭಾಗ ಅದೇ. ಅದು ಬಿಳಿಯಾಗಿದ್ದರೆ ನೀರು ಸಾಕಷ್ಟು ಸಿಗುತ್ತಿದೆ. ದಿನದಿನವೂ ಕಿತ್ತಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತಿದ್ದರೆ ಪ್ರಾಣಿ ಬಾಯಾರಿದೆ. ಬಟ್ಟಲಲ್ಲಿ ನಿಂತ ನೀರನ್ನು ಬಹುತೇಕ ಊಸರವಳ್ಳಿಗಳು ಗುರುತಿಸುವುದಿಲ್ಲ, ಎಲೆಯ ಮೇಲಿನ ಹನಿಯನ್ನೇ ನೆಕ್ಕುತ್ತವೆ. ತಿಂಗಳುಗಟ್ಟಲೆ ನೀರು ಕಡಿಮೆ, ಪ್ರೋಟೀನ್ ಹೆಚ್ಚು ಎಂಬ ಸ್ಥಿತಿಯಲ್ಲಿ ಮೂತ್ರಪಿಂಡ ಸೋಲುತ್ತದೆ, ಯೂರಿಕ್ ಆಮ್ಲ ಕೀಲುಗಳಲ್ಲಿ ಹರಳುಗಟ್ಟಿ ಗೌಟ್ ಆಗುತ್ತದೆ. ಐದು ವರ್ಷದ ಒಂದು ವೇಲ್ಡ್ ಗಂಡು ಹೀಗೆ ಬಂದಿತ್ತು: ಕೊರಳು ಊದಿದೆ, ಕಾಲಿನ ಗಂಟುಗಳೂ ಊದಿವೆ, ಕೊಂಬೆ ಹಿಡಿಯಲು ನೋವು. ರಕ್ತಪರೀಕ್ಷೆಯ ಫಲಿತಾಂಶ ನೋಡಿ ಆ ಮನೆಯವರಿಗೆ ಏನು ಹೇಳಬೇಕೆಂದು ಬಹಳ ಹೊತ್ತು ಯೋಚಿಸಿದ್ದೆ. ಅದನ್ನು ಉಳಿಸಿಕೊಳ್ಳಲಾಗಲಿಲ್ಲ. ಕೊರಳು ಮೊದಲ ಬಾರಿ ಊದಿದ್ದು ನಾಲ್ಕು ತಿಂಗಳ ಹಿಂದೆ ಎಂದು ಅವರು ಕೊನೆಯಲ್ಲಿ ನೆನಪಿಸಿಕೊಂಡರು.

ಮೆತ್ತನೆಯ ಊತಕ್ಕೆ ಇನ್ನೂ ಕಾರಣಗಳಿವೆ. ಹೃದಯ ದುರ್ಬಲವಾಗಿರಬಹುದು, ರಕ್ತದಲ್ಲಿ ಪ್ರೋಟೀನ್ ಕುಸಿದಿರಬಹುದು. ಹೆಣ್ಣಾದರೆ ಹೊಟ್ಟೆಯಲ್ಲಿ ಮೊಟ್ಟೆ ಇದೆಯೇ ನೋಡಬೇಕು, ವೇಲ್ಡ್ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಮಡಗಾಸ್ಕರ್‌ನ ಕಾಡಿನಿಂದ ಹಿಡಿದು ತಂದ ಊಸರವಳ್ಳಿಗಳಲ್ಲಿ ಫೋಲೆಯೆಲ್ಲಾ ಎಂಬ ದಾರದಂಥ ಹುಳು ಚರ್ಮದಡಿ ವಾಸಿಸುತ್ತದೆ. ಸೊಳ್ಳೆಯಿಂದ ಹರಡುವ ಈ ಹುಳು ಕೆಲವೊಮ್ಮೆ ಚರ್ಮದ ಮೂಲಕ ಸುರುಳಿಯಾಗಿ ಕಾಣುವುದೂ ಉಂಟು.

ಗಟ್ಟಿಯಾದ ಗಂಟಿಗೆ ಬರೋಣ. ಬಾಯಿಯ ಮೂಲೆಯಲ್ಲಿ, ದವಡೆ ಸೇರುವ ಕಡೆ ಊತವಿದ್ದರೆ ಅಲ್ಲಿರುವ ಟೆಂಪೊರಲ್ ಗ್ರಂಥಿಯಲ್ಲಿ ಕಸ ಸೇರಿ ಸೋಂಕಾಗಿರುವ ಸಾಧ್ಯತೆ ಹೆಚ್ಚು, ಹತ್ತಿರ ಹೋದರೆ ದುರ್ವಾಸನೆ ಬರುತ್ತದೆ. ದವಡೆಯ ಅಂಚಿನಲ್ಲಿದ್ದರೆ ಹಲ್ಲಿನ ಬುಡದಿಂದ ಮೂಳೆಗೆ ಹೊಕ್ಕ ಸೋಂಕು ಇರಬಹುದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸರೀಸೃಪಗಳ ಕೀವು ನಮ್ಮದರಂತೆ ನೀರಾಗಿ ಹರಿಯುವುದಿಲ್ಲ, ಗಟ್ಟಿಯಾದ ಗಿಣ್ಣಿನಂತೆ ಹೆಪ್ಪುಗಟ್ಟಿರುತ್ತದೆ. ಹಿಸುಕಿದರೆ ಬರದು, ಆಂಟಿಬಯೋಟಿಕ್ ಕೊಟ್ಟರೂ ಔಷಧಿ ಅದರೊಳಗೆ ಇಳಿಯದು. ಅರಿವಳಿಕೆ ಕೊಟ್ಟು, ಅದನ್ನು ಸುತ್ತಿದ ಚೀಲದ ಸಮೇತ ಬಿಡಿಸಿ ತೆಗೆಯಬೇಕು. ಮನೆಯಲ್ಲಿ ಬ್ಲೇಡಿನಿಂದ ಸೀಳಿದ ಗಾಯಗಳನ್ನು ನೋಡಿದ್ದೇನೆ. ಆ ಭಾಗದಲ್ಲಿ ನಾಲಿಗೆಯ ಸ್ನಾಯು, ನರ, ದೊಡ್ಡ ರಕ್ತನಾಳ ಎಲ್ಲವೂ ಒತ್ತೊತ್ತಾಗಿವೆ. ದಯವಿಟ್ಟು ಅಂಥ ಸಾಹಸ ಬೇಡ.

ವೇಲ್ಡ್ ಊಸರವಳ್ಳಿಯಂಥ ಕೆಲವು ಪ್ರಭೇದಗಳಲ್ಲಿ ಶ್ವಾಸನಾಳಕ್ಕೆ ಹೊಂದಿಕೊಂಡ ಪುಟ್ಟ ಗಾಳಿಚೀಲವೊಂದು ಕೊರಳಲ್ಲಿದೆ. ಉಸಿರಾಟದ ಸೋಂಕಿನಲ್ಲಿ ಅಲ್ಲಿ ಲೋಳೆ, ಕೀವು ಸೇರಿ ಗಂಟಲು ಉಬ್ಬುವುದುಂಟು. ಅಂಥ ಪ್ರಾಣಿ ಮೂತಿಯನ್ನು ಮೇಲಕ್ಕೆತ್ತಿ ಉಸಿರೆಳೆಯುತ್ತದೆ, ಸಣ್ಣ ಶಬ್ದವೂ ಕೇಳಬಹುದು. ಅತಿ ಪೂರೈಕೆಗೆ ವಿರುದ್ಧವಾಗಿ, ಕಣ್ಣಿನ ಸುತ್ತ ಊತ, ಬಾಯಿಯ ಗ್ರಂಥಿಗಳಲ್ಲಿ ಮತ್ತೆ ಮತ್ತೆ ಸೋಂಕು ಇದ್ದರೆ ವಿಟಮಿನ್ ಎ ಕೊರತೆಯಿರಬಹುದು. ಒಂದೇ ವಿಟಮಿನ್‌ನ ಅತಿಯೂ ಕೊರತೆಯೂ ತಲೆ ಮತ್ತು ಕೊರಳ ಭಾಗದಲ್ಲಿಯೇ ಊತ ತರುತ್ತವೆ. ಆದ್ದರಿಂದಲೇ ಊತ ಕಂಡಾಗ ಊಹೆಯ ಮೇಲೆ ವಿಟಮಿನ್ ಹನಿ ಹಾಕಬಾರದು ಎನ್ನುವುದು.

ವೈದ್ಯರಲ್ಲಿಗೆ ಹೊರಡುವ ಮೊದಲು ನೀವು ಮಾಡಬಹುದಾದ ಕೆಲಸ ಕಡಿಮೆಯೇನಲ್ಲ. ಡಿ3 ಮತ್ತು ಮಲ್ಟಿವಿಟಮಿನ್ ಪುಡಿಗಳನ್ನು ಆ ದಿನವೇ ನಿಲ್ಲಿಸಿ. ಬೆಳಿಗ್ಗೆ ಮತ್ತು ರಾತ್ರಿ ಒಂದೇ ಕೋನದಿಂದ ಫೋಟೊ ತೆಗೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕವನ್ನು ಗ್ರಾಂಗಳಲ್ಲಿ ಬರೆದಿಡಿ, ಏಕೆಂದರೆ ಮೈ ಇಳಿಯುತ್ತಿರುವುದನ್ನು ಊತ ಮುಚ್ಚಿಡುತ್ತದೆ. ತಾಜಾ ಹಿಕ್ಕೆ, ಪುಡಿಯ ಡಬ್ಬಿಗಳು, ಗೂಡಿನ ಚಿತ್ರ, ದೀಪ ಕೊಂಡ ತಿಂಗಳು ಎಲ್ಲವೂ ಜೊತೆಗಿರಲಿ. ಹಗಲಿನಲ್ಲಿ ಕಣ್ಣು ಮುಚ್ಚುವುದು, ಬಿಸಿಯಿಲ್ಲದೆಯೂ ಬಾಯಿ ತೆರೆದಿರುವುದು, ನಾಲಿಗೆ ಚಾಚಲಾಗದಿರುವುದು, ಕೊಂಬೆ ಬಿಟ್ಟು ನೆಲದಲ್ಲಿ ಮಲಗುವುದು, ಇವುಗಳಲ್ಲಿ ಒಂದಿದ್ದರೂ ನಾಳೆಗೆ ಕಾಯಬೇಡಿ.

ನಮ್ಮ ಕಡೆಯಿಂದ ಎಕ್ಸ್‌ರೇ, ಸ್ಕ್ಯಾನಿಂಗ್, ಹಿಕ್ಕೆಯ ಪರೀಕ್ಷೆ, ರಕ್ತಪರೀಕ್ಷೆ. ಆರೋಗ್ಯವಾಗಿರುವ ಪ್ರಾಣಿಯಿಂದಲೂ ದೇಹತೂಕದ ಶೇ. 1ಕ್ಕಿಂತ ಹೆಚ್ಚು ರಕ್ತ ತೆಗೆಯುವಂತಿಲ್ಲ. 120 ಗ್ರಾಂನ ಊಸರವಳ್ಳಿಯಿಂದ ಬಾಲದ ರಕ್ತನಾಳದ ಮೂಲಕ ಸಿಗುವುದು ಹೆಚ್ಚೆಂದರೆ ಒಂದು ಮಿಲಿಲೀಟರ್, ಸೊರಗಿದ್ದರೆ ಅದಕ್ಕಿಂತ ಕಡಿಮೆ. ಅಷ್ಟರಲ್ಲೇ ಯೂರಿಕ್ ಆಮ್ಲ, ಕ್ಯಾಲ್ಸಿಯಂ, ರಂಜಕ, ಪ್ರೋಟೀನ್ ನೋಡಬೇಕು. ನೀರಿಳಿಸುವ ಔಷಧಿಯನ್ನು ಕೆಲವೊಮ್ಮೆ ಬಳಸುತ್ತೇವೆ, ಆದರೆ ಒಣಗಿದ ಮೈಗೆ ಅದು ಅಪಾಯ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಚುಚ್ಚುವವರಿದ್ದಾರೆ. ಜೆಂಟಮೈಸಿನ್ ಗುಂಪಿನ ಔಷಧಿಗಳು ಸೋತ ಮೂತ್ರಪಿಂಡವನ್ನು ಪೂರ್ತಿ ಕೆಡಿಸಿಬಿಡುತ್ತವೆ.

ಆ ಹುಡುಗನ ಊಸರವಳ್ಳಿಯ ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು, ಯೂರಿಕ್ ಆಮ್ಲ ಮಿತಿಯಲ್ಲಿತ್ತು. ನೋಡಿ ಹಗುರಾದೆ. ಪುಡಿಗಳು ನಿಂತವು, ಜೀರುಂಡೆಗಳಿಗೆ ಸೊಪ್ಪು, ಕ್ಯಾರೆಟ್, ಹಣ್ಣು ಬಂದವು. ಬೆಳೆದ ಗಂಡಿಗೆ ದಿನ ಬಿಟ್ಟು ದಿನ ನಾಲ್ಕೈದು ಹುಳು ಸಾಕೆಂದು ಒಪ್ಪಿಸಿದೆ. ಎಲೆಗಳ ಮೇಲೆ ಬೆಳಿಗ್ಗೆ ಸಂಜೆ ನೀರಿನ ತುಂತುರು. ಮೂರನೆಯ ವಾರ ಊತ ಒಮ್ಮೆ ಮರಳಿದಾಗ ಅವನು ರಾತ್ರಿಯೇ ಕರೆ ಮಾಡಿದ್ದ, ಕಾಯಲು ಹೇಳಿದೆ. ಆರನೆಯ ವಾರ ಬಂದಾಗ ಕೊರಳ ಚರ್ಮ ಹಳೆಯ ಸುಕ್ಕುಗಳೊಂದಿಗೆ ಜೋತು ಬಿದ್ದಿತ್ತು. ಮಲ್ಟಿವಿಟಮಿನ್ ಡಬ್ಬಿಯ ಮುಚ್ಚಳಕ್ಕೆ ಕಾಗದವೊಂದನ್ನು ಅಂಟಿಸಿ, ಅದರ ಮೇಲೆ ತಿಂಗಳ ಎರಡು ತಾರೀಖುಗಳನ್ನು ಮಾತ್ರ ಬರೆದಿದ್ದ.