ಮಂಗನ ಕಾಯಿಲೆ: ಹಸುವನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ

ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವೂ ಒಂದಕ್ಕೊಂದು ಬೆಸೆದಿದೆ ಎನ್ನುವ ‘ಏಕ ಆರೋಗ್ಯ’ದ ಪಾಠ ಬಂದಾಗ ಮೂರು ವೃತ್ತ ಬರೆದು, ಒಂದೊಂದಕ್ಕೂ ಹೆಸರಿಟ್ಟು ಪುಟ ತಿರುಗಿಸುವುದು ನಮ್ಮೆಲ್ಲರ ಅಭ್ಯಾಸ. ಆ ಚಿತ್ರದಿಂದ ನನಗೇನೂ ಹೊಳೆದಿರಲಿಲ್ಲ. ಹೊಳೆದದ್ದು ಮಂಗನ ಕಾಯಿಲೆಯನ್ನು ಓದಿದಾಗ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಯವರು ಜ್ವರ ಹಿಡಿದು ಮಲಗಿದರು. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ದಿಗಿಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಪತ್ತೆ ಮಾಡಿದ್ದು ಬೇರೆಯದೇ ವೈರಸ್. ಅದರ ನಂಟು ಇದ್ದದ್ದು ರಷ್ಯಾದಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ಜೊತೆ. ಹಾಗಾದರೆ ವಲಸೆ ಹಕ್ಕಿಗಳು ಹೊತ್ತು ತಂದವೇ? ಸಲೀಂ ಅಲಿ ಅವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟದ್ದರ ಹಿಂದೆ ಈ ಗುಮಾನಿ ಇತ್ತು. ಜ್ವರದ ತನಿಖೆಗೆ ಹಕ್ಕಿ ಬಲ್ಲವರನ್ನು ಕರೆಯುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಇನ್ನು ಈ ವೈರಸ್ಸನ್ನು ಹರಡುವ ಉಣುಗು. ಮುಖ್ಯ ಜಾತಿ ಹೀಮಾಫೈಸಾಲಿಸ್ ಸ್ಪಿನಿಜೆರಾ. ಮೊಟ್ಟೆಯೊಡೆದ ಮೇಲೆ ಅದಕ್ಕೆ ಮೂರು ಹಂತ: ಆರು ಕಾಲಿನ ಲಾರ್ವಾ, ಎಂಟು ಕಾಲಿನ ನಿಂಫ್, ಕೊನೆಗೆ ಬೆಳೆದ ಉಣುಗು. ಒಂದೊಂದು ಹಂತದಲ್ಲೂ ಒಂದೇ ಸಲ ರಕ್ತದೂಟ. ಯಾವ ಹಂತದಲ್ಲಿ ಯಾರ ರಕ್ತ ಎಂದು ಕೇಳಿಕೊಂಡರೆ ಇಡೀ ಪಾಠ ಬಿಚ್ಚಿಕೊಳ್ಳುತ್ತದೆ. ನಮ್ಮನ್ನು ಕಚ್ಚುವುದು ಹೆಚ್ಚಾಗಿ ನಿಂಫ್, ಎಳ್ಳಿಗಿಂತ ಚಿಕ್ಕದು. ಅದು ಕಾಡಿನಲ್ಲಿ ಹೆಚ್ಚುವುದು ಮಳೆಗಾಲ ಮುಗಿದ ಮೇಲೆ, ಬೇಸಿಗೆಯವರೆಗೆ. ಮಲೆನಾಡಿನವರು ಕೊಟ್ಟಿಗೆಗೆ ಹಾಸಲು ದರಕು (ಉದುರಿದ ಒಣ ಎಲೆ) ಗುಡಿಸಿ, ಕಟ್ಟಿ, ತಲೆಯ ಮೇಲೆ ಹೊತ್ತು ತರುವುದೂ ಆಗಲೇ.

ಬೆಳೆದ ಉಣುಗಿಗೆ ಬೇಕಾದದ್ದು ದೊಡ್ಡ ಪ್ರಾಣಿ: ಕಾಡಿಗೆ ಮೇಯಲು ಹೋದ ದನ. ನಾನು ಎಡವಿದ್ದು ಇಲ್ಲಿಯೇ. ಹಸುವಿಗೆ ಈ ಕಾಯಿಲೆ ಬರುವುದಿಲ್ಲ. ಅದರ ರಕ್ತದಲ್ಲಿ ವೈರಸ್ ಹೇಳಿಕೊಳ್ಳುವಷ್ಟು ಬೆಳೆಯುವುದೂ ಇಲ್ಲ. ಹಾಗಾಗಿ ವೈದ್ಯರ ದಾಖಲೆಯಲ್ಲೂ ಇಲ್ಲ, ಪಶುವೈದ್ಯರ ದಾಖಲೆಯಲ್ಲೂ ಇಲ್ಲ. ಆದರೆ ಹಸುವಿನ ರಕ್ತ ಕುಡಿದು ಉಬ್ಬಿದ ಹೆಣ್ಣುಣುಗು ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹಸು ರೋಗ ಹರಡುವುದಿಲ್ಲ, ರೋಗ ಹರಡುವ ಉಣುಗನ್ನು ಸಾಕುತ್ತದೆ. ಇತ್ತೀಚಿನ ಜಂಟಿ ಅಧ್ಯಯನವೊಂದು ಪಶ್ಚಿಮಘಟ್ಟದಲ್ಲಿ ಅಪಾಯದ ತಾಣಗಳ ನಕ್ಷೆ ಮಾಡಿದಾಗಲೂ, ತೇವದ ಕಾಡು ಮತ್ತು ತೋಟ ಬೆರೆತ, ನಾಟಿ ದನಗಳು ಹೆಚ್ಚಿರುವ ಜಾಗಗಳೇ ಮೇಲೆ ಬಂದವು. ಅದನ್ನು ಮಾಡಿದವರಲ್ಲಿ ಪರಿಸರ ವಿಜ್ಞಾನಿಗಳೂ ಪಶುರೋಗ ತಜ್ಞರೂ ಆರೋಗ್ಯ ಇಲಾಖೆಯವರೂ ಇದ್ದರು.

ಲಸಿಕೆಯ ವಿಷಯ ಚಿಕ್ಕದು: ಹಳೆಯ ಲಸಿಕೆಯ ರಕ್ಷಣೆ ಸಾಲದೆಂದು ಅದರ ಬಳಕೆ ನಿಂತಿದೆ.

ಪರೀಕ್ಷೆಗೆ ಒಂದು ಎಚ್ಚರಿಕೆ. ‘ಮಂಗ ಕಚ್ಚಿದರೆ ಬರುತ್ತದೆ’ ಎಂದು ಬರೆಯಬೇಡಿ. ಮಂಗ ನಮ್ಮಂತೆಯೇ ರೋಗಿ. ಅದು ಸತ್ತು ಮೈ ತಣ್ಣಗಾದಾಗ ಉಣುಗುಗಳು ಇಳಿದು ಸುತ್ತಲಿನ ಎಲೆಗಳಲ್ಲಿ ಕಾಯುತ್ತವೆ. ಅದಕ್ಕೇ ಸತ್ತ ಮಂಗವನ್ನು ಕಂಡವರ ಒಂದು ಫೋನ್ ಕರೆಗೆ ಅರಣ್ಯ ರಕ್ಷಕ, ಪಶುವೈದ್ಯ, ಆರೋಗ್ಯ ಕಾರ್ಯಕರ್ತೆ ಮೂವರೂ ಹೊರಡಬೇಕಾಗುತ್ತದೆ.